ಫ್ರೀ ಕಾರ್ಡ್ ಗೇಮ್‌ಗೆ ಎಷ್ಟು ದುಡ್ಡು ಹಾಕಿದರೆ ಜಾಸ್ತಿ? ತುಮಕೂರಿನ ಆಟಗಾರರು, ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾರ್ತ್‌ಸ್ಟೋನ್, ಮ್ಯಾಜಿಕ್ ಅರೀನಾ, ಮಾಸ್ಟರ್ ಡ್ಯುಯೆಲ್, ಮಾರ್ವೆಲ್ ಸ್ನ್ಯಾಪ್, ಪೋಕೆಮಾನ್ ಪಾಕೆಟ್. ಫೋನು, ಕಂಪ್ಯೂಟರಿನ ಈ ಕಾರ್ಡ್ ಗೇಮ್‌ಗಳನ್ನೆಲ್ಲಾ ಆಡುವ ಹುಡುಗ ಹುಡುಗಿಯರು ತುಮಕೂರಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ಬಿ.ಎಚ್. ರಸ್ತೆಯ ಪಿಜಿಗಳಲ್ಲಿ, ವಸಂತನರಸಾಪುರದ ಫ್ಯಾಕ್ಟರಿ ಬಸ್ಸಿನಲ್ಲಿ, ಎಲ್ಲಾ ಕಡೆ. ಅವರೂ ಅವರ ಮನೆಯವರೂ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನೂ ಈ ಆಟಗಳನ್ನು ಇಷ್ಟಪಟ್ಟು ಆಡುವವನು. ಆಟ ಬಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಖರ್ಚು ಎಲ್ಲಿಗೆ ಮುಟ್ಟಿದೆ ಎಂದು ಪ್ರತಿಯೊಬ್ಬರಿಗೂ ಗೊತ್ತಿರಬೇಕು ಅನ್ನುವುದಷ್ಟೇ ನನ್ನ ಆಸೆ.

ಇದು ರಮ್ಮಿ, ಅಂದರ್ ಬಾಹರ್ ಥರದ್ದಾ?

ಅಲ್ಲ. ನಮ್ಮ ಕಡೆ ಕಾರ್ಡ್ ಆಟ ಅಂದ ಕೂಡಲೇ ಇಸ್ಪೀಟು ನೆನಪಾಗುತ್ತದೆ. ಅದಕ್ಕೇ ಮನೆಯಲ್ಲಿ ಗಾಬರಿ. ಈ ಆಟಗಳಲ್ಲಿ ಪ್ರತಿ ಕಾರ್ಡಿಗೂ ಒಂದು ಪಾತ್ರ ಅಥವಾ ಮಂತ್ರ, ಅದಕ್ಕೊಂದು ಶಕ್ತಿ ಇರುತ್ತದೆ. ನೂರಾರು ಕಾರ್ಡುಗಳಲ್ಲಿ ಬೇಕಾದ್ದನ್ನು ಆರಿಸಿ ಡೆಕ್ ಕಟ್ಟಬೇಕು. ಹಾರ್ತ್‌ಸ್ಟೋನ್‌ನಲ್ಲಿ ಡೆಕ್‌ಗೆ 30 ಕಾರ್ಡು, ಪೋಕೆಮಾನ್ ಪಾಕೆಟ್‌ನಲ್ಲಿ 20, ಮಾರ್ವೆಲ್ ಸ್ನ್ಯಾಪ್‌ನಲ್ಲಿ 12. ಎದುರಾಳಿ ಜಪಾನಿನಲ್ಲೋ ಬ್ರೆಜಿಲ್‌ನಲ್ಲೋ ಕೂತಿರುತ್ತಾನೆ. ಗೆದ್ದರೆ ರ‍್ಯಾಂಕ್ ಏರುತ್ತದೆ, ಆಟದೊಳಗಿನ ನಾಣ್ಯ ಸಿಗುತ್ತದೆ. ನಿಮ್ಮ ಬ್ಯಾಂಕ್ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ.

ಫ್ರೀ ಅಂತಾರಲ್ಲ, ಮತ್ತೆ ದುಡ್ಡು ಎಲ್ಲಿ ಹೋಗುತ್ತದೆ?

ಮುಖ್ಯವಾಗಿ ಪ್ಯಾಕಿಗೆ. ಪ್ಯಾಕ್ ಅಂದರೆ ಒಳಗೆ ಏನಿದೆ ಎಂದು ಗೊತ್ತಿಲ್ಲದ ಕಾರ್ಡುಗಳ ಕಟ್ಟು. ಹಾರ್ತ್‌ಸ್ಟೋನ್‌ನಲ್ಲಿ ಒಂದು ಪ್ಯಾಕಿಗೆ 5 ಕಾರ್ಡು, ಮಾಸ್ಟರ್ ಡ್ಯುಯೆಲ್‌ನಲ್ಲಿ 8. ದಿನದ ಟಾಸ್ಕ್ ಮುಗಿಸಿದರೆ ಒಂದಷ್ಟು ಪ್ಯಾಕ್ ಪುಕ್ಕಟೆ ಸಿಗುತ್ತವೆ. ಅಷ್ಟು ಸಾಲಲ್ಲ ಅನಿಸಿದಾಗ ಜೆಮ್ಸ್, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯ, ಕೊಂಡು ಪ್ಯಾಕ್ ತೆಗೆಯುತ್ತಾರೆ. ಅದರ ಮೇಲೆ ಸೀಸನ್ ಪಾಸ್ (ಆಡುತ್ತಾ ಹೋದಂತೆ ಬಹುಮಾನ ಕೊಡುವ ಪಾಸ್), ಹೊಸ ಸೆಟ್ (ಹೊಸ ಕಾರ್ಡುಗಳ ಗುಂಪು) ಬರುವ ಮುಂಚೆ ಮಾರುವ ಬಂಡಲ್, ಕಾರ್ಡಿನ ಅಂದಕ್ಕೆ ಮಾತ್ರ ಕೊಳ್ಳುವ ಚಿತ್ರಗಳು. ಹಾರ್ತ್‌ಸ್ಟೋನ್‌ನಲ್ಲಿ ವರ್ಷಕ್ಕೆ ಮೂರು ಹೊಸ ಸೆಟ್ ಬರುತ್ತವೆ. ಹಳೆಯ ಸೆಟ್ಟುಗಳು ಕಾಲಕ್ಕೆ ಸರಿಯಾಗಿ ಮುಖ್ಯ ಪಂದ್ಯದಿಂದ ಹೊರಗೆ ಹೋಗುತ್ತವೆ. ಹಾಗಾಗಿ ಒಮ್ಮೆ ಕೊಂಡರೆ ಮುಗಿಯಿತು ಅನ್ನುವ ಹಾಗಿಲ್ಲ.

ಸುತ್ತಿ ಬಳಸಿ ಬೇಡ. ಎಷ್ಟು ಖರ್ಚಾದರೆ ಜಾಸ್ತಿ?

ತಿಂಗಳಲ್ಲಿ ಎಲ್ಲಾ ಗೇಮ್ ಸೇರಿ ಹಾಕಿದ ದುಡ್ಡು ನಿಮ್ಮ ಒಂದು ದಿನದ ದುಡಿಮೆ ದಾಟಿದರೆ, ಅದು ಭಾರಿ ಖರ್ಚು.

ಇದು ನಾನು ಹಾಕಿಕೊಂಡ ಗೆರೆ. ನಮ್ಮ ಸರ್ಕಾರ ಇಂಥ ಮೊತ್ತ ಹೇಳಿಲ್ಲ. ಗೇಮ್ ಕಂಪನಿಗಳು ಒಂದೊಂದೂ ಒಂದೊಂದು ಲೆಕ್ಕ ಇಟ್ಟುಕೊಂಡಿವೆ. ದೊಡ್ಡ ಖರ್ಚುದಾರರನ್ನು ಅವರು ತಿಮಿಂಗಿಲ ಎಂದು ಕರೆಯುತ್ತಾರೆ, ಆದರೆ ಇಷ್ಟು ಡಾಲರ್ ದಾಟಿದರೆ ತಿಮಿಂಗಿಲ ಎಂದು ಎಲ್ಲರೂ ಒಪ್ಪಿದ ಅಂಕಿ ಇಲ್ಲ. ಇದ್ದಿದ್ದರೂ ತುಮಕೂರಿಗೆ ಅದು ಹೊಂದುತ್ತಿರಲಿಲ್ಲ.

ಯಾಕೆ ಅಂತ ನೋಡಿ. ಮಾರ್ವೆಲ್ ಸ್ನ್ಯಾಪ್‌ನ ಸೀಸನ್ ಪಾಸ್ ಅಮೆರಿಕದಲ್ಲಿ 9.99 ಡಾಲರ್. ಅಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅಷ್ಟೇ ಇದೆ. ಅತಿ ಕಡಿಮೆ ಕೂಲಿಯವನಿಗೂ ಆ ಪಾಸು ಒಂದೂವರೆ ಗಂಟೆಯ ಒಳಗಿನ ದುಡಿಮೆ. ನಮ್ಮಲ್ಲಿ ತಿಂಗಳಿಗೆ 15,600 ರೂಪಾಯಿ ಸಂಬಳ, 26 ದಿನ ಕೆಲಸ ಎಂದು ಇಟ್ಟುಕೊಳ್ಳಿ. ದಿನಕ್ಕೆ 600 ಆಯಿತು. ಹತ್ತು ಡಾಲರ್ ಅಂದರೆ ಹತ್ತಿರ ಹತ್ತಿರ 900 ರೂಪಾಯಿ. ಅಂದರೆ ಒಂದೂವರೆ ದಿನ ಮಷಿನ್ ಮುಂದೆ ನಿಂತು ದುಡಿದದ್ದು. ಅಲ್ಲಿ ಒಂದೂವರೆ ಗಂಟೆ, ಇಲ್ಲಿ ಒಂದೂವರೆ ದಿನ. ಅಮೆರಿಕದ ಆಟಗಾರ "ಪಾಸ್ ಮಾತ್ರ ತಗೊಳ್ಳಿ, ಅದು ಚಿಲ್ಲರೆ ಖರ್ಚು" ಎಂದು ಹೇಳಿದರೆ ಅವನ ಮಟ್ಟಿಗೆ ಸರಿ. ಅದೇ ಮಾತನ್ನು ನಮ್ಮ ಹುಡುಗರು ಗಿಣಿಪಾಠ ಒಪ್ಪಿಸುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಇನ್ನೊಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ದಿನಾ ರೈಲಿನಲ್ಲಿ ಓಡಾಡುತ್ತಾರೆ, ಸಂಬಳ 78,000 ಎನ್ನಿ. ಅವರ ಒಂದು ದಿನ 3,000 ರೂಪಾಯಿ. ಅವರು ತಿಂಗಳಿಗೆ 900 ಹಾಕಿದರೆ ನಾನು ಏನೂ ಹೇಳುವುದಿಲ್ಲ. ಅದೇ ಪಾಸು, ಅದೇ ಬೆಲೆ, ಒಬ್ಬರಿಗೆ ಭಾರಿ, ಇನ್ನೊಬ್ಬರಿಗೆ ಹಗುರ.

ಒಂದು ದಿನವೇ ಯಾಕೆ, ಎರಡು ದಿನ ಆಗಬಾರದಾ ಎಂದು ಕೇಳುತ್ತಾರೆ. ಒಂದು ದಿನದ ದುಡಿಮೆ ಅಂದಾಗ ಆ ದಿನ ಕಣ್ಣ ಮುಂದೆ ಬರುತ್ತದೆ. ಎದ್ದ ಹೊತ್ತು, ಬಸ್ಸು, ಮೇಲಿನವರ ಬೈಗುಳ, ಕಾಲು ನೋವು. ಶೇಕಡಾ ಲೆಕ್ಕ ಹೇಳಿದರೆ ಯಾರ ಮನಸ್ಸಿಗೂ ನಾಟುವುದಿಲ್ಲ.

ಒಂದು ತಿಂಗಳು ಜಾಸ್ತಿ ಆಯಿತು, ಆಮೇಲೆ ಮೂರು ತಿಂಗಳು ಏನೂ ಹಾಕಿಲ್ಲ. ಅದು?

ವರ್ಷದ ಲೆಕ್ಕ ಹಾಕಿ. ಹನ್ನೆರಡು ದಿನದ ದುಡಿಮೆಯೊಳಗೆ ಇದ್ದರೆ ಸರಿ. ಹೊಸ ಸೆಟ್ ಬಂದಾಗ ಒಟ್ಟಿಗೆ ಹಾಕಿ ಉಳಿದ ತಿಂಗಳು ಸುಮ್ನೆ ಇರುವವರು ಎಷ್ಟೋ ಜನ. ಚಿಲ್ಲರೆ ಚಿಲ್ಲರೆಯಾಗಿ ಹಾಕುವವರಿಗಿಂತ ಅವರ ಲೆಕ್ಕ ಚೊಕ್ಕ ಇರುತ್ತದೆ.

ನಮಗೆ ತಿಂಗಳ ಸಂಬಳ ಇಲ್ಲ. ತೋಟ, ಹಾಲು. ನಾವು ಹೇಗೆ ಲೆಕ್ಕ ಹಾಕೋದು?

ತಿಪಟೂರಿನಲ್ಲಿ ಕೊಬ್ಬರಿ ಹರಾಜಾದ ವಾರ ಕೈಯಲ್ಲಿ ದುಡ್ಡು ಓಡಾಡುತ್ತದೆ. ಆ ವಾರವನ್ನು ಅಳತೆ ಎಂದು ಹಿಡಿಯಬೇಡಿ. ವರ್ಷಕ್ಕೆ ಗೊಬ್ಬರ, ಕೂಲಿ, ಸಾಲದ ಕಂತು ಎಲ್ಲಾ ಕಳೆದು ಉಳಿಯುವುದನ್ನು 365ರಿಂದ ಭಾಗಿಸಿ. ಅದು ನಿಮ್ಮ ಒಂದು ದಿನ. ಹಾಲು ಹಾಕುವವರಿಗೆ ಇನ್ನೂ ಸುಲಭ. ಡೈರಿ ಬಟವಾಡೆಯಲ್ಲಿ ಹಿಂಡಿ, ಬೂಸಾ ಖರ್ಚು ಕಳೆದು ಉಳಿದದ್ದನ್ನು ಆ ಬಟವಾಡೆಯ ದಿನಗಳಿಂದ ಭಾಗಿಸಿದರೆ ಸಾಕು. ಬರುವ ಅಂಕಿ ನಿಮ್ಮ ಅಂದಾಜಿಗಿಂತ ಚಿಕ್ಕದಾಗಿರುತ್ತದೆ. ನೂರಕ್ಕೂ ಕಡಿಮೆ ಬಂದ ಮನೆಗಳನ್ನು ನೋಡಿದ್ದೇನೆ.

ಓದುವವರಿಗೆ ದುಡಿಮೆ ಇಲ್ಲ, ಹಾಗಾಗಿ ಗೆರೆ ಸೊನ್ನೆಯ ಹತ್ತಿರವೇ ಇರಬೇಕು. ಹಬ್ಬಕ್ಕೋ ಹುಟ್ಟಿದ ದಿನಕ್ಕೋ ಯಾರಾದರೂ ಕೊಟ್ಟದ್ದರಲ್ಲಿ ಒಂದು ಪಾಸ್ ಕೊಂಡರೆ ತಪ್ಪಿಲ್ಲ. ಪರೀಕ್ಷೆ ಫೀಸು, ಹಾಸ್ಟೆಲ್ ಮೆಸ್ ಬಿಲ್ಲಿಗೆ ಊರಿಂದ ಬಂದ ದುಡ್ಡಿಗೆ ಕೈ ಹಾಕಿದರೆ 89 ರೂಪಾಯಿಯ ಸಣ್ಣ ಆಫರ್ ಕೂಡ ಭಾರಿಯೇ.

ಅಣ್ಣಾ, ನಾನು 89 ರೂಪಾಯಿದು ಮಾತ್ರ ತಗೊಳ್ಳೋದು. ಅದಕ್ಕೂ ಲೆಕ್ಕನಾ?

ಅದಕ್ಕೇ ಲೆಕ್ಕ ಬೇಕಾಗಿರುವುದು. ಇದೇ ಮಾತು ಹೇಳಿದ ಒಬ್ಬ ಹುಡುಗನ ಪ್ಲೇ ಸ್ಟೋರ್ ಪಟ್ಟಿಯನ್ನು ಅವನ ಜೊತೆ ಕೂತು ನೋಡಿದೆ. ಎರಡು ತಿಂಗಳದ್ದು. 89, 89, 449, 89, ಹೀಗೆ ಬೆರಳಲ್ಲಿ ಸರಿಸುತ್ತಾ ಹೋದರೆ ಮುಗಿಯುತ್ತಲೇ ಇಲ್ಲ. 89ರದ್ದು ಹದಿನಾಲ್ಕು, 449ರದ್ದು ನಾಲ್ಕು. ಒಟ್ಟು 3,042 ರೂಪಾಯಿ. ಅವನು ಅಂದಾಜಿಗೆ ಹೇಳಿದ್ದು ಏಳೆಂಟು ನೂರು. ಸುಳ್ಳು ಹೇಳಿರಲಿಲ್ಲ, ಅವನಿಗೆ ನಿಜವಾಗಿಯೂ ಅಷ್ಟೇ ನೆನಪಿತ್ತು. ಹದಿನಾಲ್ಕರಲ್ಲಿ ಹೆಚ್ಚಿನವು ರಾತ್ರಿ ಹನ್ನೊಂದರ ಮೇಲಿನವು, ಎಷ್ಟೋ ಸಲ ಒಂದೇ ರಾತ್ರಿ ಎರಡು ಮೂರು.

ಸಣ್ಣ ಮೊತ್ತ ಮನಸ್ಸಿನಲ್ಲಿ ಉಳಿಯುವುದಿಲ್ಲ. ಆಟದ ಅಂಗಡಿಯಲ್ಲಿ ಸಣ್ಣ ಆಫರ್ ಮೊದಲು ಕಾಣುವ ಜಾಗದಲ್ಲಿ ಇರುವುದಕ್ಕೂ ಅದೇ ಕಾರಣ. ಒಂದು ಸಲ ಕೊಂಡವರು ಮತ್ತೆ ಕೊಳ್ಳುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು.

100 ಪ್ಯಾಕ್ ತೆಗೆದರೆ ನನಗೆ ಬೇಕಾದ ಕಾರ್ಡು ಬರಲೇಬೇಕಲ್ವಾ?

ಬರಲೇಬೇಕು ಅಂತಿಲ್ಲ. ಭಾರಿ ಖರ್ಚು ಶುರುವಾಗುವುದು ಬಹಳ ಸಲ ಇದೇ ನಂಬಿಕೆಯಿಂದ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕಾರ್ಡು ಪ್ಯಾಕಿನಲ್ಲಿ ಬರುವ ಸಾಧ್ಯತೆ ಶೇ 1 ಎಂದು ಇಟ್ಟುಕೊಳ್ಳಿ. 100 ಪ್ಯಾಕ್ ತೆಗೆದ 100 ಜನರಲ್ಲಿ ಸುಮಾರು 63 ಜನಕ್ಕೆ ಸಿಗುತ್ತದೆ, 37 ಜನಕ್ಕೆ ಸಿಗುವುದಿಲ್ಲ. 200 ಪ್ಯಾಕ್ ತೆಗೆದರೂ ಸುಮಾರು 13 ಜನ ಬರಿಗೈ. 300 ತೆಗೆದರೂ ಐದು ಜನ ಉಳಿಯುತ್ತಾರೆ. ಹಿಂದಿನ 99 ಪ್ಯಾಕಿನಲ್ಲಿ ಬರಲಿಲ್ಲ ಎಂದು ನೂರನೆಯ ಪ್ಯಾಕಿಗೆ ಗೊತ್ತಿರುವುದಿಲ್ಲ. ಅದಕ್ಕೆ ಆಗಲೂ ಶೇ 1 ಮಾತ್ರ.

ಕೆಲವು ಆಟಗಳು ಇದಕ್ಕೊಂದು ಮಿತಿ ಇಟ್ಟಿವೆ. ಹಾರ್ತ್‌ಸ್ಟೋನ್‌ನಲ್ಲಿ ಲೆಜೆಂಡರಿ ಎಂಬ ಅತಿ ಅಪರೂಪದ ದರ್ಜೆಯ ಕಾರ್ಡು ಸರಾಸರಿ 20 ಪ್ಯಾಕಿಗೆ ಒಂದು. ಹೊಸ ಸೆಟ್ಟಿನ ಮೊದಲ 10 ಪ್ಯಾಕಿನೊಳಗೆ ಒಂದು ಖಂಡಿತ ಬರುತ್ತದೆ. ಆಮೇಲೆ ಎಷ್ಟೇ ದುರದೃಷ್ಟ ಇದ್ದರೂ 40 ಪ್ಯಾಕಿನೊಳಗೆ ಇನ್ನೊಂದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಹೊಸ ಸೆಟ್ಟಿನಲ್ಲಿ ಹತ್ತು ಪ್ಯಾಕಿನೊಳಗೆ ಲೆಜೆಂಡರಿ ಬಂತಾ, ಅಲ್ಲಿಗೆ ನಿಲ್ಲಿಸಿ. ಅಲ್ಲಿಂದ ಮುಂದೆ ಪ್ಯಾಕಿನ ಬೆಲೆ ಅಷ್ಟೇ, ಸಿಗುವುದು ಕಡಿಮೆ. ಇನ್ನೊಂದು ವಿಷಯ. ಖಂಡಿತ ಬರುವುದು ಯಾವುದೋ ಒಂದು ಲೆಜೆಂಡರಿ. ನೀವು ಕಣ್ಣಿಟ್ಟದ್ದೇ ಬರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಬೇಡದ ಕಾರ್ಡು ಒಡೆದು ಬೇಕಾದ್ದನ್ನು ಮಾಡಿಕೊಳ್ಳಬಹುದು, ಆದರೆ ನಷ್ಟಕ್ಕೆ. ಹಾರ್ತ್‌ಸ್ಟೋನ್‌ನಲ್ಲಿ ಲೆಜೆಂಡರಿ ಒಡೆದರೆ 400 ಡಸ್ಟ್ (ಹೊಸ ಕಾರ್ಡು ಮಾಡಲು ಬಳಸುವ ಪುಡಿ) ಸಿಗುತ್ತದೆ, ಹೊಸದು ಮಾಡಲು 1,600 ಬೇಕು. ನಾಲ್ಕಕ್ಕೆ ಒಂದು. ಮಾಸ್ಟರ್ ಡ್ಯುಯೆಲ್‌ನಲ್ಲಿ ಒಡೆದರೆ 10 ಪಾಯಿಂಟ್, ಮಾಡಲು 30. ಮೂರಕ್ಕೆ ಒಂದು.

ಪೋಕೆಮಾನ್ ಪಾಕೆಟ್‌ನಲ್ಲಿ ದಿನಕ್ಕೆ ಎರಡು ಪ್ಯಾಕ್ ಪುಕ್ಕಟೆ, ಪ್ರತಿ ಪ್ಯಾಕಿಗೆ 5 ಪಾಯಿಂಟ್. ಕಿರೀಟದ ಗುರುತಿನ ಕಾರ್ಡು ಬೇಕಾದರೆ 2,500 ಪಾಯಿಂಟ್, ಅಂದರೆ 500 ಪ್ಯಾಕ್. ಪುಕ್ಕಟೆ ಪ್ಯಾಕಿನಿಂದಲೇ ಆದರೆ 250 ದಿನ.  ತಿಂಗಳುಗಟ್ಟಲೆ ಕಾಯಲಾಗದೆ ಜನ ದುಡ್ಡು ಹಾಕುವುದು ಇಲ್ಲೇ. ನೆನಪಿಡಿ, ಆ ಕಾರ್ಡು ನೋಡಲು ಚೆಂದ ಅಷ್ಟೇ. ಅದೇ ಶಕ್ತಿಯ ಸಾಧಾರಣ ಚಿತ್ರದ ಕಾರ್ಡು ಬಹಳ ಬೇಗ ಸಿಗುತ್ತದೆ, ಪಂದ್ಯದಲ್ಲಿ ಎರಡೂ ಒಂದೇ.

ಯಾವಾಗಲೂ ಸ್ವಲ್ಪ ಜೆಮ್ಸ್ ಉಳಿದುಬಿಡುತ್ತದೆ, ಯಾಕೆ?

ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಮ್ಯಾಜಿಕ್ ಅರೀನಾದಲ್ಲಿ ಅತಿ ಚಿಕ್ಕ ಕಟ್ಟು 750 ಜೆಮ್ಸ್. ಮೂರು ಪ್ಯಾಕಿಗೆ 600. ಉಳಿಯಿತು 150. ಅದರಲ್ಲಿ ಪ್ಯಾಕ್ ಬರುವುದಿಲ್ಲ. ಎಸೆಯಲೂ ಮನಸ್ಸಿಲ್ಲ, ಇನ್ನೊಂದು 750 ಕೊಂಡರೆ ಸರಿಹೋಗುತ್ತದೆ ಅನಿಸುತ್ತದೆ. ಉಳಿದ 150 ಅನ್ನು ಇಲ್ಲವೆಂದೇ ತಿಳಿಯಿರಿ. ಕೊಳ್ಳುವ ಮುಂಚೆ ಜೆಮ್ಸ್ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಬಾಯಲ್ಲಿ ಹೇಳಿಕೊಳ್ಳಿ. "ಆರುನೂರು ಜೆಮ್ಸ್" ಅನ್ನುವುದಕ್ಕೂ ರೂಪಾಯಿ ಹೇಳುವುದಕ್ಕೂ ವ್ಯತ್ಯಾಸ ಬಾಯಲ್ಲೇ ಗೊತ್ತಾಗುತ್ತದೆ.

ಸೀಸನ್ ಪಾಸ್ ಪರವಾಗಿಲ್ವಾ?

ಪ್ಯಾಕಿಗಿಂತ ವಾಸಿ. ಏನು ಸಿಗುತ್ತದೆ ಎಂದು ಮೊದಲೇ ಪಟ್ಟಿ ಇರುತ್ತದೆ. ತೊಂದರೆ ಒಂದೇ, ಆಡದಿದ್ದರೆ ಪಾಸಿನ ಬಹುಮಾನ ಸಿಗುವುದಿಲ್ಲ. ಬೈಕ್ ಪೆಟ್ರೋಲ್ ತುಂಬಿಸಿ ಓಡಿಸದೆ ನಿಲ್ಲಿಸಿದ ಹಾಗೆ. ತಿಂಗಳ ಕೊನೆಯ ವಾರ ಪಾಸ್ ಮುಗಿಸಲು ನಿದ್ದೆಗೆಟ್ಟು ಆಡುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಉಪಾಯ ಸುಲಭ. ಪಾಸ್ ಕೊಳ್ಳದೆ ಪುಕ್ಕಟೆಯಾಗಿಯೇ ಆಡುತ್ತಾ ಹೋಗಿ, ಸೀಸನ್ ಕೊನೆಗೆ ಬಂದ ಮೇಲೆ ಪಾಸ್ ಕೊಳ್ಳಿ. ಅಷ್ಟರವರೆಗಿನ ಬಹುಮಾನ ಒಟ್ಟಿಗೆ ಬಂದುಬಿಡುತ್ತದೆ. ಬಹಳಷ್ಟು ಆಟಗಳಲ್ಲಿ ಇದು ನಡೆಯುತ್ತದೆ.

ಯೂಟ್ಯೂಬ್‌ನಲ್ಲಿ ಒಬ್ಬ ಒಂದೇ ಸಲ ನೂರಾರು ಪ್ಯಾಕ್ ಒಡೆಯುತ್ತಾನೆ. ಅವನಿಗೆ ಹೇಗೆ ಗಿಟ್ಟುತ್ತದೆ?

ಅದು ಅವನ ಕಸುಬು. ಆ ವಿಡಿಯೊದಿಂದ ಅವನಿಗೆ ಆದಾಯ ಬರುತ್ತದೆ, ಕೆಲವರಿಗೆ ಕಂಪನಿಯೇ ಪ್ಯಾಕ್ ಕೊಟ್ಟಿರುತ್ತದೆ. ಅದನ್ನು ಅಳತೆಗೋಲು ಮಾಡಿಕೊಂಡರೆ ನಮ್ಮ ಖರ್ಚು ಏನೇನೂ ಅಲ್ಲ ಅನಿಸುತ್ತದೆ. ನಿಜ ಏನೆಂದರೆ ಹೆಚ್ಚಿನ ಆಟಗಾರರು ಒಂದು ರೂಪಾಯಿಯನ್ನೂ ಹಾಕುವುದಿಲ್ಲ. 2014ರಲ್ಲಿ ಸ್ವರ್ವ್ ಎಂಬ ಕಂಪನಿ ಮೊಬೈಲ್ ಗೇಮ್‌ಗಳ ಲೆಕ್ಕ ತೆಗೆದಾಗ, ಆಟದೊಳಗಿನ ಖರೀದಿಯ ಅರ್ಧ ದುಡ್ಡು ಬಂದದ್ದು ಶೇ 0.15 ಆಟಗಾರರಿಂದ. ಹತ್ತು ಸಾವಿರ ಜನರಲ್ಲಿ ಹದಿನೈದು ಮಂದಿ. ಅಂಗಡಿಯನ್ನು ಕಟ್ಟಿರುವುದೇ ಆ ಹದಿನೈದು ಮಂದಿಯನ್ನು ನೋಡಿಕೊಂಡು.

ದುಡ್ಡು ಹಾಕದೆ ಗೆಲ್ಲಬಹುದಾ?

ಗೆಲ್ಲಬಹುದು. ಒಂದೇ ಡೆಕ್ ಕಟ್ಟಿ, ಅದನ್ನೇ ಚೆನ್ನಾಗಿ ಕಲಿಯಿರಿ. ಬೇಗ ಮೈಮೇಲೆ ಬಿದ್ದು ಹೊಡೆಯುವ ಡೆಕ್‌ಗಳಿಗೆ ದುಬಾರಿ ಕಾರ್ಡು ಕಡಿಮೆ ಬೇಕು. ಹೊಸ ಸೆಟ್ ಬಂದ ಮೊದಲ ವಾರ ಡಸ್ಟ್ ಆಗಲಿ ವೈಲ್ಡ್‌ಕಾರ್ಡ್ (ಬೇಕಾದ ಕಾರ್ಡಿಗೆ ಬದಲಾಯಿಸಿಕೊಳ್ಳುವ ಕಾರ್ಡು) ಆಗಲಿ ಮುಟ್ಟಬೇಡಿ. ಮೊದಲ ವಾರ ಎಲ್ಲರೂ ಹೊಗಳಿದ ಕಾರ್ಡು ಮೂರನೇ ವಾರಕ್ಕೆ ಮೂಲೆಗೆ ಬಿದ್ದಿರುತ್ತದೆ. ಎಲ್ಲಾ ಕಾರ್ಡೂ ಇರಬೇಕು ಅನ್ನುವ ಆಸೆ ಬಿಟ್ಟರೆ ಪುಕ್ಕಟೆ ಆಟದಲ್ಲೂ ಖುಷಿಗೆ ಕೊರತೆ ಇಲ್ಲ. ನಮ್ಮ ಬಳಗದಲ್ಲಿ ಅತಿ ಚೆನ್ನಾಗಿ ಆಡುವವಳು ಕ್ಯಾತ್ಸಂದ್ರದ ಕಡೆಯ ಒಬ್ಬ ಡಿಗ್ರಿ ಹುಡುಗಿ. ಅವಳು ಇವತ್ತಿನವರೆಗೆ ಏನನ್ನೂ ಕೊಂಡಿಲ್ಲ.

ಮೊತ್ತ ಕಡಿಮೆಯೇ ಇದೆ. ಆದರೂ ತೊಂದರೆ ಇದೆ ಎಂದು ಹೇಗೆ ಗೊತ್ತಾಗುತ್ತದೆ?

ಕೊಂಡ ಗಳಿಗೆಯನ್ನು ನೋಡಿ. ಸತತ ಮೂರು ನಾಲ್ಕು ಪಂದ್ಯ ಸೋತು, ಸಿಟ್ಟು ನೆತ್ತಿಗೇರಿ, ಹೆಬ್ಬೆರಳು ತಾನಾಗಿ ಅಂಗಡಿಯ ಬಟನ್‌ಗೆ ಹೋಗುತ್ತದಾ? ತೆರೆಯ ಮೇಲೆ ಆಫರ್ ಮುಗಿಯುವ ಗಡಿಯಾರ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಕೊಂಡಿರಾ? ಪ್ಯಾಕನ್ನು ಬೆರಳಲ್ಲಿ ಸೀಳುವಾಗ ಅಂಚಿನಲ್ಲಿ ಬೆಳಕು ಮಿಂಚುತ್ತದಲ್ಲ, ಆ ಎರಡು ಸೆಕೆಂಡಿಗೋಸ್ಕರವೇ ಕೊಳ್ಳುತ್ತಾ, ಬಂದ ಕಾರ್ಡುಗಳನ್ನು ಸರಿಯಾಗಿ ನೋಡುವುದೂ ಇಲ್ಲವಾ? ಹಾಗಿದ್ದರೆ ಮೊತ್ತ ಎಷ್ಟೇ ಇರಲಿ, ಕೈ ಜಾರುತ್ತಿದೆ.

ಇನ್ನು ದುಡ್ಡು ಬಂದ ದಾರಿ. ಕೈಸಾಲ ಮಾಡಿ, ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತ ಮಾತ್ರ ಕಟ್ಟಿಕೊಂಡು, ಚೀಟಿ ಕಂತು ತಪ್ಪಿಸಿ ಹಾಕಿದ್ದರೆ ಒಂದು ದಿನದ ಲೆಕ್ಕ ಅನ್ವಯಿಸುವುದಿಲ್ಲ. ಸಾಲದ ದುಡ್ಡಾದರೆ ಎಷ್ಟೇ ಇದ್ದರೂ ಜಾಸ್ತಿಯೇ.

ಮೆಸೇಜ್ ಅಳಿಸುವುದು ಮೂರನೆಯದು. ಬ್ಯಾಂಕಿನಿಂದ ಬಂದ ಎಸ್‌ಎಂಎಸ್ ಅನ್ನು ಹೆಂಡತಿಯೋ ಅಪ್ಪನೋ ನೋಡುವ ಮುಂಚೆ ಅಳಿಸಿದ್ದೀರಾ ಎಂದು ನಾನು ಕೇಳುತ್ತೇನೆ. ಹೌದು ಎಂದವರಿಗೆ ಬೇರೆ ಪ್ರಶ್ನೆ ಕೇಳುವ ಅಗತ್ಯ ಬರುವುದಿಲ್ಲ.

ಇದು ಜೂಜು ಅಲ್ವಾ? ಸರ್ಕಾರ ಆನ್‌ಲೈನ್ ಗೇಮ್ ಬ್ಯಾನ್ ಮಾಡಿದೆಯಲ್ಲ?

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. ದುಡ್ಡು ಅಥವಾ ಅದಕ್ಕೆ ಸಮನಾದದ್ದನ್ನು ಗೆಲ್ಲುವ ಆಸೆಯಿಂದ ದುಡ್ಡು ಹಾಕುವ ಆಟಗಳನ್ನು ಅದು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಅದರಲ್ಲಿ ಇಲ್ಲ. ದುಡ್ಡಿನ ರಮ್ಮಿ ನಿಂತದ್ದು ಅದರಿಂದಲೇ. ಅದಕ್ಕೂ ಮುಂಚೆ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು, ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆನ್‌ಲೈನ್ ಆಟಗಳ ಆ ಭಾಗವನ್ನು ರದ್ದು ಮಾಡಿತು. ಪ್ಯಾಕ್ ಮಾರುವ ಕಾರ್ಡ್ ಗೇಮ್‌ಗಳಲ್ಲಿ ಗೆದ್ದದ್ದನ್ನು ದುಡ್ಡಾಗಿ ಹೊರಗೆ ತೆಗೆಯಲು ದಾರಿ ಇಲ್ಲ. ರಮ್ಮಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅದು.

ಆದರೆ ಪ್ಯಾಕ್ ಒಡೆಯುವ ಕ್ರಿಯೆ ಜೂಜನ್ನು ಬಹಳ ಹೋಲುತ್ತದೆ. ಇದು ನನ್ನೊಬ್ಬನ ಮಾತಲ್ಲ. ಜಪಾನ್ 2012ರಲ್ಲೇ, ಒಂದು ಗುಂಪಿನ ಎಲ್ಲಾ ಕಾರ್ಡು ಸೇರಿಸಿದರೆ ಮಾತ್ರ ಬಹುಮಾನ ಕೊಡುವ ಮಾದರಿಯನ್ನು ತಡೆಯಿತು. ಚೀನಾ 2017ರಲ್ಲಿ ಯಾವ ಕಾರ್ಡು ಎಷ್ಟು ಸಾಧ್ಯತೆಯಲ್ಲಿ ಬರುತ್ತದೆ ಎಂದು ಪ್ರಕಟಿಸಲೇಬೇಕು ಎಂದಿತು. ಅದೇ ವರ್ಷದ ಕೊನೆಗೆ ಆಪಲ್ ಕೂಡ ತನ್ನ ಸ್ಟೋರ್‌ನಲ್ಲಿ ಅದೇ ನಿಯಮ ತಂದಿತು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಒಳಗೇನಿದೆ ಎಂದು ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಕರೆಯಿತು. ಆಟದ ಅಂಗಡಿಯಲ್ಲಿ ಮೂಲೆಯಲ್ಲೊಂದು ಸಣ್ಣ ಬಟನ್ ಒತ್ತಿದರೆ ಸಾಧ್ಯತೆಗಳ ಪಟ್ಟಿ ತೆರೆಯುತ್ತದೆ. ಕೊಳ್ಳುವ ಮುಂಚೆ ಒಮ್ಮೆ ಓದಿ.

ಮಗ ನನ್ನ ಫೋನಿಂದ ಕೊಂಡುಬಿಟ್ಟಿದ್ದಾನೆ. ದುಡ್ಡು ವಾಪಸ್ ಬರುತ್ತದಾ?

ಮೊದಲು ಹೊಡೆಯಬೇಡಿ, ಬೈಯಬೇಡಿ. ಅವನಿಂದ ತಿಳಿಯಬೇಕಾದದ್ದು ಇದೆ. ಯಾವ ದಿನ, ಯಾವ ಆಟ, ಎಷ್ಟು ಸಲ. ಗೂಗಲ್ ಪ್ಲೇನಲ್ಲಿ 48 ಗಂಟೆಯೊಳಗೆ ರೀಫಂಡ್ ಕೇಳಿದರೆ ಅವಕಾಶ ಜಾಸ್ತಿ. ಅದು ದಾಟಿದರೆ ಆಟದ ಕಂಪನಿಗೇ ಬರೆಯಬೇಕಾಗುತ್ತದೆ. ಐಫೋನ್ ಆದರೆ ಆಪಲ್‌ನ ರಿಪೋರ್ಟ್ ಎ ಪ್ರಾಬ್ಲಮ್ ಪುಟದಲ್ಲಿ ಕೇಳಿ. ಚಿಕ್ಕ ಮಗು, ಹಿರಿಯರ ಒಪ್ಪಿಗೆ ಇರಲಿಲ್ಲ ಎಂದು ನೇರವಾಗಿ ಬರೆಯಿರಿ. ರೀಫಂಡ್ ಆದರೆ ಕೊಂಡ ಜೆಮ್ಸ್ ವಾಪಸ್ ಹೋಗುತ್ತದೆ, ಆಟದ ಅಕೌಂಟ್‌ಗೂ ತಡೆ ಬೀಳಬಹುದು. ಮಗನಿಗೆ ಅದನ್ನು ಮೊದಲೇ ತಿಳಿಸಿ.

ಇನ್ನು ಮುಂದಕ್ಕೆ: ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಮಗನ ಬೆರಳಚ್ಚು ಆ ಫೋನಿನಲ್ಲಿ ಸೇರಿದ್ದರೆ ತೆಗೆಯಿರಿ, ಎಷ್ಟೋ ಮನೆಗಳಲ್ಲಿ ಇದನ್ನು ಮರೆಯುತ್ತಾರೆ. ಅವನಿಗೆ ಬೇರೆ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್ ಹಾಕಿದರೆ ಅವನು ಕೊಳ್ಳಲು ಹೋದಾಗ ನಿಮ್ಮ ಒಪ್ಪಿಗೆ ಕೇಳುತ್ತದೆ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ಆಪ್ ಖರೀದಿಯನ್ನೇ ಬಂದ್ ಮಾಡಬಹುದು.

ಆಟೋಪೇ ಆಗಿಬಿಟ್ಟಿದೆ, ಪ್ರತಿ ತಿಂಗಳು ಕಟ್ ಆಗುತ್ತಿದೆ.

ತಿಂಗಳ ಪಾಸುಗಳಲ್ಲಿ ಇದು ಸಾಮಾನ್ಯ. ರಿಸರ್ವ್ ಬ್ಯಾಂಕ್ ನಿಯಮದಂತೆ ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಬೇಕಿಲ್ಲ. ಆದರೆ ಕಡಿತಕ್ಕೆ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರಬೇಕು. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲಿ ರದ್ದು ಮಾಡಿ, ಯುಪಿಐ ಆಪ್‌ನ ಆಟೋಪೇ ಪಟ್ಟಿಯಲ್ಲೂ ನೋಡಿ. ಗೇಮ್ ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಪಾಸ್ ನಿಲ್ಲುವುದಿಲ್ಲ.

ಟೆಲಿಗ್ರಾಂನಲ್ಲಿ ಅರ್ಧ ಬೆಲೆಗೆ ಜೆಮ್ಸ್ ಕೊಡುತ್ತಾರಂತೆ?

ಬೇಡ. ಕದ್ದ ಕಾರ್ಡಿನಿಂದ ಕೊಂಡ ಜೆಮ್ಸ್ ಇರಬಹುದು, ಅಕೌಂಟ್ ಪಾಸ್‌ವರ್ಡ್ ಕೇಳಿ ಎಲ್ಲಾ ದೋಚಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟು ಹಾಕಿದ್ದೇನೆ, ಮುಂದೆ ಅಕೌಂಟ್ ಮಾರಿದರೆ ವಾಪಸ್ ಬರಲ್ವಾ?

ಬರುತ್ತದೆ ಎಂದು ನಂಬಿ ಹಾಕಬೇಡಿ. ಕಾಗದದ ಕಾರ್ಡಾದರೆ ಇನ್ನೊಬ್ಬರಿಗೆ ಮಾರಬಹುದು. ಡಿಜಿಟಲ್ ಕಾರ್ಡು ನಿಮ್ಮ ಸ್ವತ್ತಲ್ಲ, ಬಳಸಲು ಕೊಟ್ಟಿರುವುದು ಮಾತ್ರ. ಅಕೌಂಟ್ ಮಾರುವುದನ್ನು ದೊಡ್ಡ ಕಂಪನಿಗಳ ನಿಯಮ ಒಪ್ಪುವುದಿಲ್ಲ. ಆಟವೇ ನಿಂತರೆ ಕಾರ್ಡೂ ಹೋಯಿತು. ಡ್ಯುಯೆಲಿಸ್ಟ್ ಎಂಬ ಒಳ್ಳೆಯ ಕಾರ್ಡ್ ಗೇಮ್ 2020ರ ಫೆಬ್ರವರಿಯಲ್ಲಿ ಸರ್ವರ್ ಮುಚ್ಚಿತು. ಹಾಕಿದ ದುಡ್ಡನ್ನು ಸಿನಿಮಾ ಟಿಕೆಟ್ ಕೊಂಡಂತೆ ಖರ್ಚಿನ ಬಾಬತ್ತಿಗೇ ಬರೆದುಕೊಳ್ಳಿ.

ತಮ್ಮ ದಿನಾ ಆಡುತ್ತಾನೆ, ದುಡ್ಡೂ ಹಾಕುತ್ತಾನೆ ಅನಿಸುತ್ತದೆ. ಹೇಗೆ ಮಾತು ತೆಗೆಯಲಿ?

ಪಕ್ಕದಲ್ಲಿ ಕೂತು ಒಂದು ಪಂದ್ಯ ನೋಡಿ. ಆ ಕಾರ್ಡು ಏನು ಮಾಡುತ್ತದೆ, ಈ ಡೆಕ್ ಯಾಕೆ ಇಷ್ಟ ಎಂದು ಕೇಳಿ. ಅವನು ಹೇಳಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಅಷ್ಟು ಚೆನ್ನಾಗಿರುವ ಆಟ ಅದು. ಆಮೇಲೆ "ಇದಕ್ಕೆ ಎಷ್ಟಾಯ್ತೋ?" ಎಂದು ಸಹಜವಾಗಿ ಕೇಳಿ. ಮೊತ್ತ ಕೇಳಿ ಹೌಹಾರಬೇಡಿ. ಪ್ಲೇ ಸ್ಟೋರ್ ಪಟ್ಟಿಯನ್ನು ಇಬ್ಬರೂ ಸೇರಿ ನೋಡೋಣ ಎನ್ನಿ. ಎಲ್ಲರ ಮುಂದೆ, ಊಟದ ಹೊತ್ತಲ್ಲಿ, ಅಪ್ಪ ಇರುವಾಗ ಈ ಮಾತು ಎತ್ತಲೇಬೇಡಿ. ಅಲ್ಲಿ ಮಾನ ಹೋದರೆ ಮುಂದಿನ ಸಲ ಅವನು ಮುಚ್ಚಿಡುತ್ತಾನೆ.

ನನ್ನಿಂದ ನಿಲ್ಲಿಸಲು ಆಗುತ್ತಿಲ್ಲ. ಯಾರನ್ನು ಕೇಳಲಿ?

14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಹೋಗುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಬಳಕೆಯ ತೊಂದರೆಗೆಂದೇ ಶಟ್ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ. ಹೋದರೆ ಹುಚ್ಚ ಎಂದುಕೊಳ್ಳುತ್ತಾರೆ ಅನ್ನುವ ಅಳುಕು ಬೇಡ. ಆಟದ ಮೇಲಿನ ಹಿಡಿತ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಅದು ಜಾರಿಯಲ್ಲಿದೆ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಒಂದು ಕೆಲಸ ಮಾಡಿ. ಪ್ಲೇ ಸ್ಟೋರ್‌ನಿಂದ ಯುಪಿಐ, ಕಾರ್ಡು ಎಲ್ಲಾ ಕಿತ್ತುಹಾಕಿ. ಪ್ರತಿ ಸಲ ಹೊಸದಾಗಿ ಸೇರಿಸಬೇಕಾದರೆ ಎರಡು ನಿಮಿಷ ಬೇಕು. ಆ ಎರಡು ನಿಮಿಷದಲ್ಲಿ ಮನಸ್ಸು ಬದಲಾಯಿಸಿದವರು ನನಗೆ ಗೊತ್ತು.

ನನ್ನ ವರ್ಷದ ಲೆಕ್ಕ ಎಲ್ಲಿ ಸಿಗುತ್ತದೆ?

ಪ್ಲೇ ಸ್ಟೋರ್ ತೆರೆದು ಬಲ ಮೇಲ್ಗಡೆ ನಿಮ್ಮ ಚಿತ್ರ ಒತ್ತಿ. ಪಾವತಿ ಮತ್ತು ಸಬ್‌ಸ್ಕ್ರಿಪ್ಷನ್ ಒಳಗೆ ಬಜೆಟ್ ಮತ್ತು ಇತಿಹಾಸ ಇದೆ. ಅಲ್ಲೇ ತಿಂಗಳ ಬಜೆಟ್ ಕೂಡ ಹಾಕಬಹುದು. ನಿಮ್ಮ ಒಂದು ದಿನದ ದುಡಿಮೆಯ ಅಂಕಿಯನ್ನು ಅಲ್ಲಿ ತುಂಬಿಸಿ. ಅದು ಎಚ್ಚರಿಸುತ್ತದೆ ಅಷ್ಟೇ, ಖರೀದಿಯನ್ನು ತಡೆಯುವುದಿಲ್ಲ. ಎರಡು ಜಿಮೇಲ್ ಇದ್ದರೆ ಎರಡರಲ್ಲೂ ನೋಡಿ. ಕಂಪ್ಯೂಟರಿನಲ್ಲಿ ಆಡುವವರು ಆಟದ ಸ್ವಂತ ಅಂಗಡಿಯ ಬಿಲ್ಲುಗಳನ್ನು ಬೇರೆಯಾಗಿ ಸೇರಿಸಬೇಕು, ಅವು ಪ್ಲೇ ಸ್ಟೋರ್ ಪಟ್ಟಿಯಲ್ಲಿ ಕಾಣುವುದಿಲ್ಲ. ಹಳೆಯ ಇಮೇಲ್‌ನಲ್ಲಿ ರಸೀದಿ (receipt) ಎಂದು ಹುಡುಕಿದರೆ ಸಿಗುತ್ತವೆ.